ವೈದ್ಯರ ಮೇಲಿನ ಶಿಸ್ತುಕ್ರಮ (ಗೋಕಾಕ, ಮೂಡಲಗಿ, ಹುಕ್ಕೇರಿ)

ವೃತ್ತಿಯ ಎಲ್ಲೆ ಮೀರಿದ ವೈದ್ಯರನ್ನು ವೃತ್ತಿಯವರೇ ಸೇರಿದ ಪರಿಷತ್ತು ವಿಚಾರಿಸಿ ದಂಡಿಸುವ ವ್ಯವಸ್ಥೆ ಇದು. ಪರಿಷತ್ತಿನ ಕೈಯಲ್ಲಿ ಜೈಲಿಲ್ಲ, ಪರಿಹಾರ ಕೊಡಿಸುವ ಅಧಿಕಾರವೂ ಇಲ್ಲ. ಇರುವುದು ಒಂದು ಹೆಸರಪಟ್ಟಿ. ಎಚ್ಚರಿಕೆ ಕೊಡಬಹುದು, ಪಟ್ಟಿಯಿಂದ ಹೆಸರನ್ನು ಕೆಲಕಾಲ ಇಲ್ಲವೇ ಶಾಶ್ವತವಾಗಿ ತೆಗೆಯಬಹುದು.

ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಗೋಕಾಕ, ಹುಕ್ಕೇರಿಗಳಲ್ಲಿ ಈ ಕಥೆ ಆರಂಭವಾಗುವುದು 1912ರ ಮುಂಬಯಿ ವೈದ್ಯಕೀಯ ಕಾಯ್ದೆಯಿಂದ. ಮೈಸೂರು ಸಂಸ್ಥಾನ ಇಂಥ ನೋಂದಣಿ ಕಾಯ್ದೆ ಮಾಡಿದ್ದು 1931ರಲ್ಲಿ. ವೃತ್ತಿಯಲ್ಲಿ ‘ಕುಖ್ಯಾತ ನಡತೆ’ ತೋರಿದವರ ಹೆಸರು ತೆಗೆಯಬೇಕೆಂಬ ಮಾತು 1858ರ ಇಂಗ್ಲೆಂಡಿನ ಕಾಯ್ದೆಯಿಂದ ಬಂದದ್ದು. ಯಾವುದು ಕುಖ್ಯಾತ ಎಂದು ಕಾಯ್ದೆ ಬಿಡಿಸಿ ಹೇಳಲಿಲ್ಲ, ತೀರ್ಮಾನವನ್ನು ವೈದ್ಯರಿಗೇ ಬಿಟ್ಟಿತು. ಏಕೀಕರಣದ ನಂತರ 1961ರ ನೋಂದಣಿ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಪರಿಷತ್ತನ್ನು ತಂದಿತು. ಇಂದಿನ ಕರ್ನಾಟಕ ವೈದ್ಯಕೀಯ ಪರಿಷತ್ತು ಅದೇ. ಹಾಗಾಗಿ ಘಟಪ್ರಭಾ ನದಿ ದಂಡೆಯ ಈ ತಾಲ್ಲೂಕುಗಳವರ ದೂರು ಸುಮಾರು 500 ಕಿ.ಮೀ. ದೂರದ ಬೆಂಗಳೂರಿಗೆ ಹೋಗಬೇಕಾಯಿತು.

ಎಲ್ಲೆ ಯಾವುದೆಂದು ಸ್ಪಷ್ಟವಾಗಿ ಬರೆದದ್ದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ. ವೃತ್ತಿಯ ಸ್ಥಾನವನ್ನು ದುರುಪಯೋಗ ಮಾಡಿ ರೋಗಿಯೊಡನೆ ಅನುಚಿತ ಸಂಬಂಧ ಇಟ್ಟುಕೊಳ್ಳುವುದು, ಚಿಕಿತ್ಸೆಯ ವೇಳೆ ತಿಳಿದ ಗುಟ್ಟನ್ನು ಹೊರಗೆ ಹಾಕುವುದು, ಭ್ರೂಣಲಿಂಗ ಪತ್ತೆ ಮಾಡುವುದು, ಎಲ್ಲವೂ ಅದರಲ್ಲಿ ದುರ್ನಡತೆ. ಅನುಚಿತ ಸಂಬಂಧಕ್ಕೆ ರೋಗಿ ಒಪ್ಪಿದ್ದಳು ಎಂಬ ಸಮರ್ಥನೆ ನಿಲ್ಲುವಂಥದಲ್ಲ. ನೋವಿನಲ್ಲಿರುವವರ ಒಪ್ಪಿಗೆಗೂ ವೈದ್ಯರ ಅಧಿಕಾರಕ್ಕೂ ನಡುವಿನ ಅಂತರವೇ ಈ ನಿಯಮದ ಬುಡ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಮನೋವೈದ್ಯರು 2010ರಲ್ಲಿ ಇದನ್ನೇ ಕುರಿತು ಬರೆದು, ಎಲ್ಲರಿಗೂ ಗೊತ್ತಿದ್ದು ಯಾರೂ ಮಾತಾಡದ ವಿಷಯವಿದು ಎಂದು ಎಚ್ಚರಿಸಿದರು.

ಈ ತಾಲ್ಲೂಕುಗಳಲ್ಲಿ ವೈದ್ಯವೃತ್ತಿಯ ನಡತೆ ಸಾರ್ವಜನಿಕ ಚರ್ಚೆಗೆ ಬಂದದ್ದು ಭ್ರೂಣಗಳ ಮೂಲಕ. 2022ರ ಜೂನ್‌ನಲ್ಲಿ ಮೂಡಲಗಿ ಪಟ್ಟಣದಲ್ಲಿ ಡಬ್ಬಿಗಳಲ್ಲಿ ತುಂಬಿ ಎಸೆದ 7 ಭ್ರೂಣಗಳು ಸಿಕ್ಕವು. ಆರೋಗ್ಯ ಇಲಾಖೆ ತಪಾಸಣೆಗೆ ಇಳಿಯಿತು. ಪ್ರಸವಪೂರ್ವ ಲಿಂಗಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ, ನ್ಯಾಯಾಲಯ ದೋಷಾರೋಪ ಹೊರಿಸಿದ ಕೂಡಲೇ ವೈದ್ಯರ ನೋಂದಣಿಯನ್ನು ಅಮಾನತಿನಲ್ಲಿಡಬಹುದು. ಮೊದಲ ಅಪರಾಧ ಸಾಬೀತಾದರೆ 5 ವರ್ಷ, ಮತ್ತೆ ಸಿಕ್ಕಿಬಿದ್ದರೆ ಶಾಶ್ವತವಾಗಿ ಹೆಸರು ತೆಗೆಯಬೇಕು. ಪರಿಷತ್ತಿನ ಇಚ್ಛೆಗೆ ಬಿಡದೆ ಶಿಕ್ಷೆಯನ್ನು ಕಾಯ್ದೆಯೇ ಹೀಗೆ ಗೊತ್ತುಮಾಡಿರುವುದು ಅಪರೂಪ.

ಪಟ್ಟಿಯ ಹೊರಗಿನವರನ್ನು ಪರಿಷತ್ತು ಮುಟ್ಟಲಾರದು. 2017ರ ಮಾರ್ಚ್‌ನಲ್ಲಿ ಗಡಿಯಾಚೆಯ ಸಾಂಗಲಿ ಜಿಲ್ಲೆಯ ಮ್ಹೈಸಾಳದಲ್ಲಿ 19 ಭ್ರೂಣಗಳು ಪತ್ತೆಯಾದಾಗ ಮುಖ್ಯ ಆರೋಪಿ ಹೋಮಿಯೋಪಥಿ ವೈದ್ಯ. ಅಂಥವರ ನೋಂದಣಿ ಬೇರೆ ಮಂಡಳಿಯದು. ಹಳ್ಳಿಯ ನಕಲಿ ವೈದ್ಯನಿಗಂತೂ ತೆಗೆಯಲು ಹೆಸರೇ ಇಲ್ಲ. ಅಂಥವರ ಮೇಲೆ ಕ್ರಮ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆ ಹಾಗೂ ಪೊಲೀಸರ ಪಾಲು. ಸರ್ಕಾರಿ ವೈದ್ಯರು ಸೇವೆಯಿಂದ ಅಮಾನತಾದ ಮಾತ್ರಕ್ಕೆ ನೋಂದಣಿ ಹೋಗುವುದಿಲ್ಲ. ಜನ ಇವೆರಡನ್ನೂ ಒಂದೇ ಎಂದು ತಿಳಿಯುವುದೇ ಹೆಚ್ಚು.

2002ರ ನಿಯಮದಂತೆ ದೂರು 6 ತಿಂಗಳಲ್ಲಿ ಇತ್ಯರ್ಥವಾಗಬೇಕು. ಭಾರತೀಯ ವೈದ್ಯಕೀಯ ಪರಿಷತ್ತಿನ ಜಾಗಕ್ಕೆ ಆಯೋಗವನ್ನು ತಂದ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ 2020ರ ಸೆಪ್ಟೆಂಬರ್ 25ರಿಂದ ಜಾರಿಗೆ ಬಂತು. ಆಯೋಗ 2023ರ ಆಗಸ್ಟ್ 2ರಂದು ಹೊರಡಿಸಿದ ಹೊಸ ನಡತೆ ನಿಯಮಗಳನ್ನು ಅದೇ ತಿಂಗಳು ತಡೆಹಿಡಿಯಲಾಯಿತು. 2002ರ ನಿಯಮಗಳೇ ಮರಳಿದವು. ಪರಿಷತ್ತಿನ ತೀರ್ಮಾನದಿಂದ ನೊಂದ ಯಾರಾದರೂ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು ಎಂದು ಅವು ಹೇಳುತ್ತವೆ. ಆದರೆ 2019ರ ಕಾಯ್ದೆಯ 30ನೇ ಸೆಕ್ಷನ್ ಆ ಹಕ್ಕನ್ನು ಹೇಳುವಾಗ ವೈದ್ಯರನ್ನು ಮಾತ್ರ ಹೆಸರಿಸಿದೆ.