ಸಾಣೆಯ ಧೂಳು

ನಮ್ಮ ಭಾಷೆಯಲ್ಲಿ ಸಾಣೆಗೆ ದೊಡ್ಡ ಗೌರವವಿದೆ. ಬುದ್ಧಿ ಮೊಂಡಾದರೆ ಅದನ್ನು ಸಾಣೆ ಹಿಡಿಯಬೇಕು. ರತ್ನ ಹೊಳೆಯಬೇಕಾದರೆ ಸಾಣೆಗೆ ಹತ್ತಬೇಕು. ತರಗತಿಯಲ್ಲಿ ಪಾಠ ಹೇಳುವಾಗ ನಾನೂ ಈ ಉಪಮಾನವನ್ನು ಎಷ್ಟು ಸಲ ಬಳಸಿದ್ದೇನೋ ಲೆಕ್ಕವಿಲ್ಲ. ಆದರೆ ಕವಿಗಳ ಕಣ್ಣೂ ಪಂಡಿತರ ಕಣ್ಣೂ ಹೊಳಪಿನ ಮೇಲೆಯೇ ಇರುತ್ತದೆ. ಸವೆದುಹೋದದ್ದು ಎಲ್ಲಿಗೆ ಹೋಯಿತೆಂದು ಕೇಳುವವರು ಕಡಮೆ. ಕಲ್ಲೂ ಉಕ್ಕೂ ಉಜ್ಜಿದಾಗ ಎರಡೂ ಸವೆಯುತ್ತವೆ. ಆ ಸವೆತ ಧೂಳಾಗಿ ಗಾಳಿಗೆ ಸೇರುತ್ತದೆ. ಗಾಳಿಯಿಂದ ಸಾಣೆಯ ಮುಂದೆ ಕುಳಿತವನ ಎದೆಯೊಳಕ್ಕೆ ಇಳಿಯುತ್ತದೆ. ಈ ಧೂಳನ್ನು ಹಿಡಿದು ಹೊರಗಟ್ಟಲು ಮನುಷ್ಯ ಪಟ್ಟ ಪಾಡಿನ ಕಥೆ ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ತುಂಬ ಸ್ಪಷ್ಟವಾಗಿ ಕಾಣುತ್ತದೆ.

ಷೆಫೀಲ್ಡ್ ಚಾಕು, ಕತ್ತರಿ, ಕ್ಷೌರದ ಕತ್ತಿಗಳಿಗೆ ಬಹು ಹಿಂದಿನಿಂದಲೂ ಹೆಸರಾದ ಊರು. ೧೪ನೆಯ ಶತಮಾನದ ಕವಿ ಚಾಸರನು ತನ್ನ ಕಥೆಯೊಂದರಲ್ಲಿ ಹಿಟ್ಟಿನ ಗಿರಣಿಯವನ ಬಳಿ ಷೆಫೀಲ್ಡಿನ ಚೂರಿಯಿತ್ತೆಂದು ಹೇಳಿದ್ದಾನೆ. ಅಲ್ಲಿಯ ಸಾಣೆಗಾರರು ಬಹುಕಾಲ ಹೊಳೆಗಳ ದಂಡೆಯಲ್ಲಿ ಕೆಲಸ ಮಾಡುತ್ತಿದ್ದರು. ನೀರಿನ ಚಕ್ರ ಮರಳುಗಲ್ಲಿನ ಸಾಣೆಯನ್ನು ತಿರುಗಿಸುತ್ತಿತ್ತು. ಕೆಲಸಗಾರನು ಕುದುರೆ ಏರಿದವನಂತೆ ಮರದ ಪೀಠದ ಮೇಲೆ ಕಾಲು ಇಳಿಬಿಟ್ಟು ಕುಳಿತು, ಕಲ್ಲಿನ ಮೇಲೆ ಬಾಗಿ ಅಲಗನ್ನು ಒತ್ತುತ್ತಿದ್ದನು. ಹೊಳೆ ಬತ್ತಿದರೆ ಕೆಲಸವೂ ನಿಲ್ಲುತ್ತಿತ್ತು. ಆಗ ಕೂಲಿಗೆ ನಷ್ಟವಾದರೂ ಶ್ವಾಸಕೋಶಕ್ಕೆ ಬಿಡುವು ಸಿಗುತ್ತಿತ್ತು. ೧೮ನೆಯ ಶತಮಾನದ ಕೊನೆಗೆ ಉಗಿಯಂತ್ರ ಬಂದಿತು. ಯಂತ್ರಕ್ಕೆ ಬೇಸಗೆಯೆಂಬುದಿಲ್ಲ. ಊರೊಳಗಿನ ಇಕ್ಕಟ್ಟಾದ ಕೋಣೆಗಳಲ್ಲಿ ಕಲ್ಲುಗಳು ವರ್ಷವಿಡೀ ತಿರುಗತೊಡಗಿದುವು.

ಇದರ ಫಲವನ್ನು ಆ ಊರಿನ ವೈದ್ಯ ಡಾಕ್ಟರ್ ನೈಟ್ ಅಂಕಿಗಳಲ್ಲಿ ಬರೆದಿಟ್ಟನು. ಅವನ ಲೆಕ್ಕದಂತೆ ಷೆಫೀಲ್ಡಿನಲ್ಲಿ ಸುಮಾರು ೨,೫೦೦ ಸಾಣೆಗಾರರಿದ್ದರು. ಅವರಲ್ಲಿ ಊಟದ ಮುಳ್ಳುಚಮಚಗಳನ್ನು ಸಾಣೆ ಹಿಡಿಯುತ್ತಿದ್ದವರು ಸುಮಾರು ೧೫೦ ಮಂದಿ. ಇವರದು ಒಣ ಕಲ್ಲಿನ ಕೆಲಸ. ಇವರು ೨೮ರಿಂದ ೩೨ ವರ್ಷ ವಯಸ್ಸಿನೊಳಗೆ ಸಾಯುತ್ತಿದ್ದರು. ಮೇಜಿನ ಚಾಕುಗಳನ್ನು ಹಿಡಿಯುವವರು ಕಲ್ಲಿಗೆ ನೀರು ತಾಗಿಸಿ ಕೆಲಸ ಮಾಡುತ್ತಿದ್ದರು; ಅವರು ೪೦ರಿಂದ ೫೦ ವರ್ಷಗಳವರೆಗೆ ಬದುಕುತ್ತಿದ್ದರು. ಒಂದೇ ಊರು, ಒಂದೇ ಕಸಬು. ನಡುವೆ ಇದ್ದ ಮುಖ್ಯವಾದ ವ್ಯತ್ಯಾಸವೆಂದರೆ ನೀರು. ಧೂಳನ್ನು ಹುಟ್ಟಿದಲ್ಲೇ ನೆನೆಸಿದರೆ ಆಯುಷ್ಯ ಬೆಳೆಯುತ್ತದೆಂಬ ಪಾಠ ಆ ಅಂಕಿಗಳಲ್ಲೇ ಇತ್ತು.

ಕಾರಣ ತಿಳಿದದ್ದು ಆಮೇಲೆ. ಮರಳುಗಲ್ಲಿನಲ್ಲಿರುವ ಸಿಲಿಕಾ ಎಂಬ ಪದಾರ್ಥದ ಅತಿ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಹೋಗಿ ನೆಲಸುತ್ತವೆ. ಅವನ್ನು ನುಂಗಲು ಬಂದ ಜೀವಕಣಗಳೇ ಸಾಯುತ್ತವೆ. ಮೃದುವಾದ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಈ ರೋಗಕ್ಕೆ ೧೮೭೦ರಲ್ಲಿ ಇಟಲಿಯ ವಿಸ್ಕೊಂಟಿ ಎಂಬಾತನು ಸಿಲಿಕೋಸಿಸ್ ಎಂಬ ಹೆಸರಿಟ್ಟನು. ಗಟ್ಟಿಯಾದ ಭಾಗವನ್ನು ಮೊದಲಿನಂತೆ ಮಾಡುವ ಔಷಧ ಇಂದಿಗೂ ಇಲ್ಲ. ಇನ್ನೊಂದು ಮಾತು: ಕಣ್ಣಿಗೆ ಕಾಣುವ ಧೂಳು ಬಹುಮಟ್ಟಿಗೆ ಮೂಗು ಗಂಟಲುಗಳಲ್ಲೇ ನಿಲ್ಲುತ್ತದೆ; ಕೊಲ್ಲುವುದು ಕಣ್ಣಿಗೆ ಕಾಣದ ಧೂಳು. ಮೂಗಿಗೆ ಕಟ್ಟಿದ ಬಟ್ಟೆಯ ತುಂಡು ಅದನ್ನು ತಡೆಯಲಾರದು.

ಪರಿಹಾರಗಳು ಹುಟ್ಟದಿರಲಿಲ್ಲ. ೧೮೨೦ರ ದಶಕದಲ್ಲಿ ಅದೇ ಊರಿನ ಏಬ್ರಹಾಂ ಎಂಬುವನು ಉಕ್ಕಿನ ಪುಡಿಯನ್ನು ಸೆಳೆಯುವ ಅಯಸ್ಕಾಂತದ ಸಾಧನವೊಂದನ್ನು ಮಾಡಿದನು. ಯುಕ್ತಿ ಚೆನ್ನಾಗಿತ್ತು, ಆದರೆ ಅಯಸ್ಕಾಂತ ಉಕ್ಕನ್ನು ಸೆಳೆದೀತು, ಕಲ್ಲನ್ನು ಸೆಳೆಯುವುದುಂಟೆ? ಇದಕ್ಕಿಂತ ಸರಳವಾದದ್ದು ಬೀಸಣಿಗೆ. ಸಾಣೆಕಲ್ಲಿನ ಸಮೀಪದಲ್ಲಿ ಒಂದು ಕೊಳವೆಯ ಬಾಯಿ. ಕೊಳವೆಯ ಇನ್ನೊಂದು ಕಡೆ ಅದೇ ಯಂತ್ರದ ಪಟ್ಟಿಯಿಂದ ತಿರುಗುವ ರೆಕ್ಕೆಗಳು. ಧೂಳು ಮುಖಕ್ಕೆ ಏರುವ ಮೊದಲೇ ಕೊಳವೆಗೆ ಸೇರಿ ಹೊರಗೆ ಹೋಗುತ್ತಿತ್ತು. ಕೋಣೆಯ ಗಾಳಿಯನ್ನೆಲ್ಲ ಕಲಕಿ ಧೂಳು ಹರಡುವುದು ಬೇರೆ, ಹುಟ್ಟಿದ ಜಾಗದಲ್ಲೇ ಅದನ್ನು ಹೀರುವುದು ಬೇರೆ.

ಇಷ್ಟು ಸುಲಭವಾದ ಸಾಧನ ಮನೆಮನೆಗೂ ಬರಬೇಕಾಗಿತ್ತಲ್ಲವೆ? ಬರಲಿಲ್ಲ. ಕೆಲಸಗಾರರೇ ಬೇಡವೆಂದರು. ಅವರ ವಾದವನ್ನು ಎಂಗೆಲ್ಸ್ ೧೮೪೫ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಡಾಕ್ಟರ್ ನೈಟನ ಆಧಾರದಿಂದ ದಾಖಲಿಸಿದ್ದಾನೆ: ಜನ ಹೆಚ್ಚು ದಿನ ಬದುಕಿದರೆ ಕಸಬಿನಲ್ಲಿ ಕೈಗಳು ಹೆಚ್ಚುತ್ತವೆ, ಆಗ ಕೂಲಿ ಇಳಿಯುತ್ತದೆ. ಓದಿದಾಗ ಮೊದಲು ಇದು ಹುಚ್ಚೆನಿಸಿತು; ಮತ್ತೆ ಯೋಚಿಸಿದಾಗ ಲೆಕ್ಕ ತಪ್ಪಿಲ್ಲವೆನಿಸಿತು. ಆಯುಷ್ಯವನ್ನು ಮಾರಿಯೇ ಹೊಟ್ಟೆ ಹೊರೆಯಬೇಕಾದವನಿಗೆ ಆಯುಷ್ಯದ ಬೆಲೆ ಇಳಿಯುವುದೂ ಒಂದು ಭಯವೇ.

ಅದಕ್ಕಿಂತ ಆಳವಾದ ಕಾರಣ ಇನ್ನೊಂದಿತ್ತು. ಅಲ್ಲಿಯ ಸಾಣೆಗಾರರಲ್ಲಿ ಬಹುಮಂದಿ ದೊಡ್ಡ ಕಾರ್ಖಾನೆಯ ಆಳುಗಳಲ್ಲ. ಕಟ್ಟಡವೂ ಯಂತ್ರಶಕ್ತಿಯೂ ಒಬ್ಬನದು. ಸಾಣೆಗಾರನು ಅಲ್ಲಿ ಒಂದು ಜಾಗವನ್ನು ಬಾಡಿಗೆಗೆ ಹಿಡಿಯುತ್ತಿದ್ದನು. ಚಾಕುಗಳು ಮೂರನೆಯವನಾದ ವ್ಯಾಪಾರಿಯವು. ಬೀಸಣಿಗೆಯ ಖರ್ಚು ಯಾರದು? ಕಟ್ಟಡದವನು ತನಗೆ ಬರಬೇಕಾದದ್ದು ಬಾಡಿಗೆ ಮಾತ್ರವೆಂದನು; ವ್ಯಾಪಾರಿಗೆ ಬೇಕಾದದ್ದು ಚಾಕು. ಲಾಭಕ್ಕೆ ಮೂವರು ಪಾಲುಗಾರರು, ಧೂಳಿಗೆ ಒಬ್ಬನೇ. ೧೮೬೭ರ ಕಾಯಿದೆ ಇಂತಹ ಕಡೆ ಬೀಸಣಿಗೆ ಹಾಕಿಸುವ ಅಧಿಕಾರವನ್ನು ಇನ್‌ಸ್ಪೆಕ್ಟರರಿಗೆ ಕೊಟ್ಟಿತು. ಮುಂದೆ ೨೦ನೆಯ ಶತಮಾನದಲ್ಲಿ ಮರಳುಗಲ್ಲಿನ ಸ್ಥಾನಕ್ಕೆ ಸಿಲಿಕಾ ಧೂಳೆಬ್ಬಿಸದ ಕೃತಕ ಸಾಣೆಗಳು ಬಂದಾಗ ರೋಗದ ಬೇರೇ ಸಡಿಲವಾಯಿತು.

ಇದು ಪರದೇಶದ ಹಳೆಯ ಕಥೆಯೆಂದು ಸುಮ್ಮನಾಗುವಂತಿಲ್ಲ. ಮಕ್ಕಳು ಸ್ಲೇಟಿನ ಮೇಲೆ ಅ ಆ ಇ ಈ ತಿದ್ದುವ ಬಳಪವನ್ನೇ ನೋಡಿ. ಮಧ್ಯಪ್ರದೇಶದ ಮಂದಸೌರ್ ಇದರ ತಯಾರಿಕೆಗೆ ಹೆಸರಾದ ಊರು. ಅಲ್ಲಿ ಸಣ್ಣ ಸಣ್ಣ ಷೆಡ್ಡುಗಳಲ್ಲಿ ಕಲ್ಲನ್ನು ವಿದ್ಯುತ್ ಗರಗಸದಿಂದ ಬಳಪಗಳಾಗಿ ಕೊಯ್ಯುತ್ತಿದ್ದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಈ ಕೆಲಸಗಾರರನ್ನು ಪರೀಕ್ಷಿಸಿ ೧೯೮೫ರಲ್ಲಿ ಪ್ರಕಟಿಸಿದ ವರದಿಯಂತೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ತಗಲಿತ್ತು. ಬಳಪದ ಕೆಲಸಗಾರರ ಕ್ಷೇಮನಿಧಿಗೆಂದೇ ಆ ರಾಜ್ಯ ೧೯೮೨ರಲ್ಲಿ ಕಾಯಿದೆ ಮಾಡಬೇಕಾಯಿತು. ನಮ್ಮ ದೇಶದ ೧೯೪೮ರ ಕಾರ್ಖಾನೆ ಕಾಯಿದೆ ಧೂಳನ್ನು ಅದು ಹುಟ್ಟುವ ಸ್ಥಳಕ್ಕೆ ಆದಷ್ಟು ಹತ್ತಿರದಲ್ಲೇ ಹೀರಬೇಕೆಂದು ವಿಧಿಸಿತ್ತು. ಮಾತು ಸರಿಯೇ. ಆದರೆ ಹತ್ತು ಜನಕ್ಕಿಂತ ಕಡಮೆ ಇರುವ ಷೆಡ್ಡುಗಳು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಹೊರಗೇ ಉಳಿದುವು. ಷೆಫೀಲ್ಡಿನ ಬಾಡಿಗೆ ಕೋಣೆಗಳಂತೆ ಇಲ್ಲಿಯೂ ಸಣ್ಣತನವೇ ರೋಗಕ್ಕೆ ಆಶ್ರಯವಾಯಿತು.

ಎರಡು ನೂರು ವರ್ಷಗಳ ಅನುಭವದ ಸಾರ ಇಷ್ಟೆ. ಸಾಧ್ಯವಾದರೆ ಸಿಲಿಕಾ ಇಲ್ಲದ ವಸ್ತುವನ್ನು ಬಳಸಬೇಕು. ಆಗದಿದ್ದರೆ ನೀರು ಹಾಯಿಸಬೇಕು. ಅದೂ ಆಗದಿದ್ದರೆ ಕಲ್ಲಿನ ಸುತ್ತ ಮರೆ ಕಟ್ಟಿ ಧೂಳನ್ನು ಹೀರಬೇಕು. ಹೀರಿದ ಧೂಳನ್ನು ಬೀದಿಗೆ ಬಿಡದೆ ಚೀಲದಲ್ಲಿ ಹಿಡಿಯಬೇಕು. ಮುಖಕ್ಕೆ ಹಾಕುವ ಮುಸುಕು ಇವೆಲ್ಲದರ ಕೊನೆಯ ಮಾತು, ಮೊದಲನೆಯದಲ್ಲ. ಇದರಲ್ಲಿ ತಿಳಿಯದ ವಿದ್ಯೆ ಯಾವುದೂ ಇಲ್ಲ. ತೀರ್ಮಾನವಾಗದೆ ಉಳಿದಿರುವುದು ಖರ್ಚು ಯಾರದೆಂಬ ಪ್ರಶ್ನೆ. ಚಾಕುವನ್ನೂ ಬಳಪವನ್ನೂ ಅಡಿಗೆಮನೆಯ ಕಲ್ಲುಹಲಗೆಯನ್ನೂ ಅಗ್ಗವಾಗಿ ಕೊಳ್ಳುವ ನಾವು ಆ ಪ್ರಶ್ನೆಗೆ ಹೊರಗಿನವರಲ್ಲ. ಬೀಸಣಿಗೆಯ ಖರ್ಚು ವಸ್ತುವಿನ ಬೆಲೆಗೆ ಸೇರದಿದ್ದರೆ ಅದನ್ನು ತೆರುವವನು ಒಬ್ಬ ಇದ್ದೇ ಇರುತ್ತಾನೆ. ಅವನು ಹಣದಲ್ಲಿ ತೆರುವುದಿಲ್ಲ, ಅಷ್ಟೆ.