ಅಳು ನಿಲ್ಲಿಸಿದ ಮಗು

1949ರ ಸುಮಾರಿಗೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಒಂದು ನಿಯಮವಿತ್ತು. ಮಗುವನ್ನು ಸೇರಿಸಿದ ಮೊದಲ ತಿಂಗಳು ತಂದೆತಾಯಿ ಅದನ್ನು ಭೇಟಿಯಾಗುವಂತಿಲ್ಲ. ಸಂಜೆ 7ರಿಂದ 8ರ ನಡುವೆ, ಅದು ನಿದ್ದೆಯಲ್ಲಿದ್ದಾಗ ನೋಡಬಹುದು, ಅಷ್ಟೇ. ಇದು ಕ್ರೌರ್ಯವೇನಲ್ಲ. ಸೋಂಕಿನ ಭಯವಿತ್ತು. ಜೊತೆಗೆ, ಅಮ್ಮ ಬಂದು ಹೋದರೆ ಮಗು ರಂಪ ಮಾಡುತ್ತದೆ, ಬರದಿದ್ದರೆ ಕೆಲವು ದಿನಗಳಲ್ಲಿ ಹೊಂದಿಕೊಳ್ಳುತ್ತದೆ ಎಂಬ ನಂಬಿಕೆಯೂ ಇತ್ತು.

ಈ ಹೊಂದಿಕೊಳ್ಳುವುದು ಎಂದರೇನು ಎಂದು ಕೇಳಿದವರು ಜೇಮ್ಸ್ ರಾಬರ್ಟ್‌ಸನ್. ಅವರು ವೈದ್ಯರಲ್ಲ. ಯುದ್ಧಕಾಲದಲ್ಲಿ ಅನ್ನಾ ಫ್ರಾಯ್ಡ್ ನಡೆಸುತ್ತಿದ್ದ ಶಿಶುವಿಹಾರದಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಮಕ್ಕಳ ಬಗ್ಗೆ ಕಂಡದ್ದನ್ನು ಅಲ್ಲಿನ ಕೆಲಸದವರೆಲ್ಲ ಕಾರ್ಡಿನಲ್ಲಿ ಬರೆದಿಡಬೇಕಿತ್ತು. 1948ರಲ್ಲಿ ಜಾನ್ ಬೌಲ್ಬಿ ಅವರನ್ನು ಟ್ಯಾವಿಸ್ಟಾಕ್ ಕ್ಲಿನಿಕ್‌ಗೆ ಕರೆದುಕೊಂಡರು. ಮಕ್ಕಳ ವಾರ್ಡಿನಲ್ಲಿ ಕೂತು ನೋಡಿದ ರಾಬರ್ಟ್‌ಸನ್ ಮೂರು ಹಂತ ಗುರುತಿಸಿದರು: ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ಅಮ್ಮ ಬಂದರೂ ಮುಖ ತಿರುಗಿಸುವ ನಿರ್ಲಿಪ್ತತೆ. ಮಗು ಸರಿಹೋಯಿತು ಎಂದು ವಾರ್ಡಿನವರು ನೆಮ್ಮದಿಪಡುತ್ತಿದ್ದದ್ದು ಈ ಕೊನೆಯ ಎರಡನ್ನು ಕಂಡು! (ಲಾಗ್‌ನಲ್ಲಿ ಎರರ್ ಬರುತ್ತಿಲ್ಲ ಎಂದರೆ ಸಿಸ್ಟಮ್ ಸರಿಯಿದೆ ಎಂದಲ್ಲ, ಲಾಗ್ ಬರೆಯುವುದೇ ನಿಂತಿರಬಹುದು. ನಮ್ಮ ವೃತ್ತಿಯವರಿಗೆ ಇದು ಬೇಗ ಅರ್ಥವಾಗುತ್ತದೆ.)

ಮಾತಿಗೆ ಯಾರೂ ಕಿವಿಗೊಡದಿದ್ದಾಗ ಅವರು ಕ್ಯಾಮೆರಾ ಹಿಡಿದರು. ಹರ್ನಿಯಾ ಶಸ್ತ್ರಚಿಕಿತ್ಸೆಗೆ 8 ದಿನ ಆಸ್ಪತ್ರೆಯಲ್ಲಿದ್ದ, ಎರಡೂವರೆ ವರ್ಷವೂ ತುಂಬದ ಲಾರಾ ಎಂಬ ಹುಡುಗಿಯ ಚಿತ್ರ. ಬೇಕಾದ್ದನ್ನಷ್ಟೇ ಆರಿಸಿಕೊಂಡರು ಎಂಬ ಆಕ್ಷೇಪ ಬರಬಾರದೆಂದು ಚಿತ್ರೀಕರಣದ ಹೊತ್ತನ್ನು ಮೊದಲೇ ಗೊತ್ತುಮಾಡಿದ್ದರು. ಲಾರಾ ಹೆಚ್ಚು ಅಳುವುದಿಲ್ಲ. ಟೆಡ್ಡಿಯನ್ನು ಅವುಚಿಕೊಂಡು, ಅಮ್ಮ ಎಲ್ಲಿ ಎಂದು ಮೆಲ್ಲಗೆ ಕೇಳುತ್ತಾಳೆ. ಮನೆಗೆ ಹೊರಟ ದಿನ ತನ್ನ ಸಾಮಾನನ್ನೆಲ್ಲ ತಾನೇ ಹಿಡಿದುಕೊಳ್ಳುತ್ತಾಳೆ, ಅಮ್ಮನ ಕೈ ಮಾತ್ರ ಹಿಡಿಯುವುದಿಲ್ಲ.

1952ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಇದನ್ನು ತೋರಿಸಿದಾಗ ಅನೇಕ ವೈದ್ಯರು ಸಿಟ್ಟಾದರು. ಆದರೂ 1959ರಲ್ಲಿ ಸರ್ಕಾರಿ ಪ್ಲ್ಯಾಟ್ ಸಮಿತಿ, ಭೇಟಿಗೆ ನಿರ್ಬಂಧ ಬೇಡವೆಂದಿತು. ಜಾರಿಯಾಗಲು ವರ್ಷಗಳೇ ಹಿಡಿದವು. 1961ರಿಂದ ತಾಯಂದಿರೇ ಸಂಘ ಕಟ್ಟಿಕೊಂಡು ಬೆನ್ನು ಹತ್ತಬೇಕಾಯಿತು.

'ನೋಡಿದ್ಯಾ, ಹೆಂಗಸರು ಕೆಲಸ ಬಿಟ್ಟು ಮನೆಯಲ್ಲಿರಬೇಕು' ಎನ್ನುವವರು ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಕಥೆ ಇನ್ನೂ ಇದೆ. ಮುಂದೆ ಜೇಮ್ಸ್ ಮತ್ತು ಅವರ ಪತ್ನಿ ಜಾಯ್ಸ್, ತಾಯಿ ಹೆರಿಗೆಗೆ ಹೋದಾಗ ನಾಲ್ಕು ಮಕ್ಕಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿದರು. ಒಬ್ಬಳೇ ಹೆಂಗಸು, ಅದೇ ಊಟ, ಅದೇ ಅಭ್ಯಾಸ. ಅಮ್ಮನ ಮಾತನ್ನೂ ಆಗಾಗ ಎತ್ತುತ್ತಿದ್ದರು. ಮಕ್ಕಳು ಬೇಸರಪಟ್ಟರು, ಆದರೆ ಕುಸಿಯಲಿಲ್ಲ. ಅದೇ ಹೊತ್ತಿನಲ್ಲಿ, 17 ತಿಂಗಳ ಜಾನ್ 9 ದಿನ ಒಂದು ಶಿಶುಗೃಹದಲ್ಲಿದ್ದ. ಅಲ್ಲಿನ ನರ್ಸ್‌ಗಳು ಒಳ್ಳೆಯವರೇ, ಆದರೆ ಪಾಳಿ ಬದಲಾದಂತೆ ಮುಖವೂ ಬದಲಾಗುತ್ತಿತ್ತು. ಅವನು ಒಬ್ಬೊಬ್ಬರ ಹತ್ತಿರವೂ ಹೋಗಿ ನೋಡಿದ, ಕೊನೆಗೆ ಊಟವನ್ನೂ ಬಿಟ್ಟ. ಊರಿಂದ ಅಜ್ಜಿಯನ್ನು ಕರೆಸಿಕೊಳ್ಳುವ ನಮ್ಮ ಪುಣೆ, ಮುಂಬೈ ಮನೆಗಳು ಈ ಪ್ರಯೋಗವನ್ನು ಮೊದಲಿಂದಲೂ ಮಾಡುತ್ತಿವೆ ಎನ್ನಿ.

ಮಗಳಿಗಾಗಿ ಡೇಕೇರ್ ನೋಡಲು ಹೋದಾಗ ಅವರು ಸಿಸಿಟಿವಿ, ಎಸಿ ಎಲ್ಲ ತೋರಿಸಿದರು. ನಾನು ಕೇಳಿದ್ದು, ಒಬ್ಬ ಆಯಾ ಸಾಮಾನ್ಯವಾಗಿ ಎಷ್ಟು ತಿಂಗಳು ಇರುತ್ತಾರೆ ಎಂದು. ಉತ್ತರಿಸಲು ಅವರು ರಿಜಿಸ್ಟರ್ ತೆಗೆಯಬೇಕಾಯಿತು.