ಕಾಶಿಯ ಮೆಟ್ಟಿಲು ಯಾರದು?

ಕಾಶಿಯ ಹರಿಶ್ಚಂದ್ರ ಘಾಟಿನಲ್ಲಿ ಚಿತೆಗಳು ಉರಿಯುತ್ತಿರುತ್ತವೆ. ಅದಕ್ಕೆ ತಾಗಿಕೊಂಡೇ ದಕ್ಷಿಣಕ್ಕೆ ಕರ್ನಾಟಕ ಘಾಟ್ ಇದೆ. ಮೈಸೂರು ಸಂಸ್ಥಾನ ತನ್ನ ಯಾತ್ರಿಕರಿಗಾಗಿ ಹಿಡಿದ ಜಾಗವಿದು. ಹಿಂದೆ ಇದನ್ನು ಮೈಸೂರು ಘಾಟ್ ಎನ್ನುತ್ತಿದ್ದರು. ಹರಿಶ್ಚಂದ್ರ ಘಾಟನ್ನು ದಾಟಿ ಉತ್ತರಕ್ಕೆ ಹೋದರೆ ವಿಜಯನಗರಂ ಘಾಟ್ ಸಿಗುತ್ತದೆ. ಹೆಸರು ಕೇಳಿ ಹಂಪಿಯನ್ನು ನೆನೆಯುವ ಕನ್ನಡಿಗರಿದ್ದಾರೆ, ಆದರೆ ಇದು ಆಂಧ್ರದ ಕರಾವಳಿಯ ಸಂಸ್ಥಾನದ್ದು. ಅದರಾಚೆಗೆ ದಕ್ಷಿಣದವರಿಗೆ ಪ್ರಿಯವಾದ ಕೇದಾರ ಘಾಟ್. ಹೀಗೆ ಎಂಬತ್ತಕ್ಕೂ ಹೆಚ್ಚು ಘಾಟುಗಳು ಸಾಲಾಗಿ ನಿಂತಿವೆ. ಒಂದೊಂದನ್ನೂ ಯಾರೋ, ಯಾವುದೋ ಕೆಲಸಕ್ಕೆಂದು ಕಟ್ಟಿಸಿದ್ದಾರೆ.

ಹಿಂದಿಯ ‘ಘಾಟ್’ ಕನ್ನಡದ ‘ಘಟ್ಟ’ದ ಸಂಬಂಧಿಯೇ. ನಮ್ಮಲ್ಲಿ ಘಟ್ಟವೆಂದರೆ ಸ್ನಾನದ ಮೆಟ್ಟಿಲೂ ಹೌದು, ಬೆಟ್ಟದ ಸಾಲೂ ಹೌದು, ಒಂದು ಕೆಲಸ ತಲುಪಿದ ಹಂತವೂ ಹೌದು. ಕಾಶಿಯ ನದೀತೀರಕ್ಕೆ ಈ ಕೊನೆಯ ಅರ್ಥವೂ ಒಪ್ಪುತ್ತದೆ. ಅನಾದಿಕಾಲದಿಂದ ಹೀಗೇ ಇದೆ ಎಂದು ನೋಡಿದವರೆಲ್ಲ ನಂಬುವ ಈ ದಡ, ನಿಜದಲ್ಲಿ ಹಲವು ಘಟ್ಟಗಳನ್ನು ದಾಟಿ ಬಂದಿದೆ.

ಹಡಗುಕಟ್ಟೆಯಾಗಿ

ಕಾಶಿಯಲ್ಲಿ ಗಂಗೆ ಉತ್ತರಕ್ಕೆ ತಿರುಗಿ ಬಿಲ್ಲಿನಂತೆ ಬಾಗುತ್ತಾಳೆ. ಬಾಗಿದ ನದಿ ಹೊರಬದಿಯ ದಡವನ್ನು ಕೊರೆಯುತ್ತದೆ, ಒಳಬದಿಗೆ ಮರಳು ತಂದು ಸುರಿಯುತ್ತದೆ. ಹೊರಬದಿಯಾದ ಪಶ್ಚಿಮ ದಡ ಸುಣ್ಣಗಲ್ಲಿನ ಗಟ್ಟಿ ಮಣ್ಣಿನ ದಿಬ್ಬ. ಊರು ಅದರ ಮೇಲಿದೆ. ಎದುರು ದಡ ಮಳೆಗಾಲದಲ್ಲಿ ಮುಳುಗುವ ಮರಳುಗಾಡು.

ಅತ್ಯಂತ ಹಳೆಯ ಊರಿದ್ದದ್ದು ಈಗಿನ ಘಾಟುಗಳ ನಡುವಿನಲ್ಲಲ್ಲ, ಉತ್ತರದ ತುದಿಯ ರಾಜಘಾಟ್‌ನಲ್ಲಿ. 1940ರಲ್ಲಿ ರೈಲ್ವೆ ಕೆಲಸಕ್ಕಾಗಿ ಅಲ್ಲಿ ನೆಲ ಅಗೆದಾಗ ಪುರಾತನ ವಸ್ತುಗಳು ಸಿಕ್ಕವು. ಮುಂದೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಉತ್ಖನನಗಳು ಕ್ರಿಸ್ತಪೂರ್ವದ ವಸತಿ ಪದರಗಳನ್ನು ತೋರಿಸಿದವು. ಅಲ್ಲಿನ ದಡ ಮೊದಲಿಗೆ ನದಿ ದಾಟುವ ಜಾಗ, ಸರಕು ಇಳಿಸುವ ಜಾಗ. ಪುಣ್ಯ ಮತ್ತು ವ್ಯಾಪಾರ ಒಂದೇ ದೋಣಿಯಲ್ಲಿ ಬರುತ್ತಿದ್ದವು.

ಕೋಟೆಯಾಗಿ, ಅರಮನೆಯಾಗಿ

ಈಗ ಚಿತ್ರಗಳಲ್ಲಿ ಕಾಣುವ ಕಲ್ಲಿನ ಕಾಶಿ ಬಹುಪಾಲು ಹದಿನೆಂಟನೆಯ ಶತಮಾನ ಮತ್ತು ಅದರ ನಂತರದ್ದು. ಆಮೇರಿನ ಮಾನಸಿಂಹ 1600ರ ಸುಮಾರಿಗೇ ನದಿಯಂಚಿನಲ್ಲಿ ಅರಮನೆ ಕಟ್ಟಿಸಿದ್ದ. ಅದರ ಮೇಲಂತಸ್ತಿನಲ್ಲಿ ಜಯಸಿಂಹನ ವೀಕ್ಷಣಾಲಯ ಬಂತು. ಆಮೇಲೆ ಪೇಶ್ವೆ, ಹೋಳ್ಕರ್, ಸಿಂಧಿಯಾ, ಭೋಂಸ್ಲೆ ಮನೆತನಗಳ ಹಣ ಹರಿಯಿತು. ಚುನಾರಿನ ಮರಳುಗಲ್ಲು ನದಿಯ ಮೇಲೆಯೇ ತೇಲಿಬಂತು. ಮೆಟ್ಟಿಲು ಕಟ್ಟುವುದು ಪುಣ್ಯದ ಕೆಲಸವಾಗಿತ್ತು, ಜೊತೆಗೆ ಕುಸಿಯುವ ದಡವನ್ನು ತಡೆಯುವ ಎಂಜಿನಿಯರಿಂಗ್ ಕೆಲಸವೂ ಆಗಿತ್ತು. ಎಲ್ಲವೂ ನಿಲ್ಲಲಿಲ್ಲ. ಸಿಂಧಿಯಾ ಘಾಟಿನ ಬಳಿ ವಾಲಿಕೊಂಡು ಅರ್ಧ ನೀರಲ್ಲಿರುವ ರತ್ನೇಶ್ವರ ಗುಡಿ ಇಂದಿಗೂ ಅದಕ್ಕೆ ಸಾಕ್ಷಿ.

ಅರಮನೆಗಳ ಈ ಸಾಲು ಅಧಿಕಾರದ ಅಂಗಳವೂ ಆಯಿತು. 1781ರ ಆಗಸ್ಟ್‌ನಲ್ಲಿ ವಾರನ್ ಹೇಸ್ಟಿಂಗ್ಸ್ ಹಣಕ್ಕಾಗಿ ರಾಜಾ ಚೇತ್‌ಸಿಂಗನನ್ನು ಶಿವಾಲಾದ ಅವನದೇ ಮನೆಯಲ್ಲಿ ಸೆರೆಯಲ್ಲಿಟ್ಟ. ಊರವರು ತಿರುಗಿಬಿದ್ದರು, ಕಂಪನಿಯ ಸಿಪಾಯಿಗಳು ಸತ್ತರು. ಗದ್ದಲದ ನಡುವೆ ರಾಜ, ಪೇಟಗಳನ್ನು ಗಂಟು ಹಾಕಿದ ಹಗ್ಗ ಹಿಡಿದು ನದಿಯ ಕಡೆಯ ಗೋಡೆಯಿಂದ ಇಳಿದು ದೋಣಿಯಲ್ಲಿ ಪಾರಾದ. ಆ ಗೋಡೆ ಈಗಲೂ ಚೇತ್‌ಸಿಂಗ್ ಘಾಟಿನಲ್ಲಿದೆ.

ಸೇತುವೆ ಬಂದ ಮೇಲೆ

1820ರಲ್ಲಿ ಟಂಕಸಾಲೆಯ ಅಧಿಕಾರಿಯಾಗಿ ಬಂದ ಜೇಮ್ಸ್ ಪ್ರಿನ್ಸೆಪ್ ಊರಿನ ನಕ್ಷೆ ಬರೆದ, ಘಾಟುಗಳ ಚಿತ್ರ ಬಿಡಿಸಿದ, ತಗ್ಗುಗಳಲ್ಲಿ ನಿಂತ ನೀರು ಗಂಗೆಗೆ ಹೋಗುವಂತೆ ಸುರಂಗ ಚರಂಡಿ ಮಾಡಿಸಿದ. ಊರು ಒಣಗಿತು. ಆದರೆ ಊರಿನ ಕೊಳೆಗೆ ನದಿಯೇ ದಾರಿ ಎಂಬ ಲೆಕ್ಕ ಗಟ್ಟಿಯಾಯಿತು.

ಮುಂದಿನ ಬದಲಾವಣೆ ರೈಲಿನದು. 1860ರ ದಶಕದಲ್ಲಿ ಹಳಿ ಎದುರು ದಡದ ಮುಘಲ್‌ಸರಾಯಿಗೆ ಬಂತು, 1887ರಲ್ಲಿ ರಾಜಘಾಟ್‌ನ ಡಫರಿನ್ ಸೇತುವೆ ತೆರೆಯಿತು. ಇಂದು ಅದು ಮಾಳವೀಯ ಸೇತುವೆ. ಸರಕು ದೋಣಿಯಿಂದ ಬೋಗಿಗೆ ಹೋಯಿತು, ಯಾತ್ರಿಕರೂ ಊರಿನ ಹಿಂಬಾಗಿಲಿನಿಂದ ಬರತೊಡಗಿದರು. ವ್ಯಾಪಾರ ಕೈಬಿಟ್ಟ ದಡದಲ್ಲಿ ಉಳಿದದ್ದು ಸ್ನಾನ, ಶ್ರಾದ್ಧ, ದಹನ. ಜೊತೆಗೆ ಅಗಸರ ಬಟ್ಟೆ, ಪೈಲ್ವಾನರ ಗರಡಿ, ಎಮ್ಮೆಗಳ ಮೀಯುವಿಕೆ, ಹುಡುಗರ ಗಾಳಿಪಟ. ನಾವು ಸನಾತನ ಎಂದುಕೊಳ್ಳುವ ಘಾಟಿನ ನೋಟಕ್ಕೆ ರೈಲಿನ ಪಾಲೂ ಇದೆ.

ಶುದ್ಧಿಯ ಲೆಕ್ಕ

ತುಳಸಿ ಘಾಟಿನಲ್ಲಿ ವಾಸವಿದ್ದ ವೀರಭದ್ರ ಮಿಶ್ರ ಸಂಕಟಮೋಚನ ದೇವಾಲಯದ ಮಹಂತರು, ಜೊತೆಗೆ ಜಲ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಬೆಳಗ್ಗೆ ಗಂಗೆಯಲ್ಲಿ ಮುಳುಗುತ್ತಿದ್ದ ಅವರಿಗೆ ಆ ನೀರಿನಲ್ಲಿ ಎಷ್ಟು ಕೊಳೆಯಿದೆ ಎಂಬುದೂ ಗೊತ್ತಿತ್ತು. 1982ರಲ್ಲಿ ಅವರು ನದಿಗಾಗಿ ಸಂಸ್ಥೆ ಕಟ್ಟಿದರು. 1986ರ ಜೂನ್‌ನಲ್ಲಿ ರಾಜೀವ್ ಗಾಂಧಿ ಇದೇ ದಡದಲ್ಲಿ ಗಂಗಾ ಕ್ರಿಯಾ ಯೋಜನೆಗೆ ಚಾಲನೆ ಕೊಟ್ಟರು. ಹರಿಶ್ಚಂದ್ರ ಘಾಟಿಗೆ ವಿದ್ಯುತ್ ಚಿತಾಗಾರ ಬಂತು. ಅರೆಬೆಂದ ಶವಗಳನ್ನು ತಿನ್ನಲೆಂದು ನದಿಗೆ ಆಮೆಗಳನ್ನು ಬಿಟ್ಟರು, ರಾಮನಗರದಿಂದ ಸೇತುವೆಯವರೆಗಿನ ಏಳು ಕಿಲೋಮೀಟರ್ ಆಮೆಧಾಮವಾಯಿತು. 2020ರಲ್ಲಿ ಆ ಸ್ಥಾನಮಾನ ರದ್ದಾಯಿತು. ಅಷ್ಟರಲ್ಲಿ ಗಂಗೆ ರಾಷ್ಟ್ರೀಯ ಜಲಮಾರ್ಗವಾಗಿ, ರಾಮನಗರದಲ್ಲಿ 2018ರಲ್ಲಿ ಸರಕು ಟರ್ಮಿನಲ್ ಎದ್ದಿತ್ತು. ರೈಲು ಒಯ್ದಿದ್ದ ಕೆಲಸವನ್ನು ಮತ್ತೆ ನದಿಗೆ ಕೊಡುವ ಪ್ರಯತ್ನವದು.

ನೋಟಕ್ಕಾಗಿ

ದಶಾಶ್ವಮೇಧದ ಸಂಜೆಯ ಭವ್ಯ ಆರತಿ ಈಗಿನ ರೂಪ ತಳೆದದ್ದು 1990ರ ದಶಕದ ಈಚೆಗೆ. ಅದನ್ನು ನೋಡಲು ಮೆಟ್ಟಿಲು ತುಂಬುತ್ತದೆ, ನದಿಯಲ್ಲಿ ದೋಣಿಗಳು ಪ್ರೇಕ್ಷಕರ ಸಾಲಾಗುತ್ತವೆ. 2021ರ ಡಿಸೆಂಬರ್‌ನಲ್ಲಿ ವಿಶ್ವನಾಥ ಧಾಮ ತೆರೆದಾಗ ಗುಡಿಯಿಂದ ಲಲಿತಾ ಘಾಟಿನವರೆಗೆ ನೇರ ದಾರಿಯಾಯಿತು. ಅದಕ್ಕಾಗಿ ಮುನ್ನೂರಕ್ಕೂ ಹೆಚ್ಚು ಕಟ್ಟಡಗಳನ್ನು ಖರೀದಿಸಿ ಕೆಡವಲಾಯಿತು. ವಯಸ್ಸಾದವರಿಗೆ ದರ್ಶನ ಸುಲಭವಾಯಿತು. ಓಣಿಗಳಲ್ಲಿ ತಲೆಮಾರುಗಳಿಂದ ಇದ್ದವರು ಬೇರೆಡೆ ಮನೆ ಹುಡುಕಿದರು. ಎರಡೂ ನಿಜ.

ಇಕ್ಕಟ್ಟು ಹೆಚ್ಚಿರುವುದು ಮಲ್ಲಾಹರಿಗೆ. ಯಾವ ಘಾಟಿನಲ್ಲಿ ಯಾರ ದೋಣಿ ಎಂಬುದು ಅವರಲ್ಲಿ ಮನೆತನದಿಂದ ಬಂದ ಹಕ್ಕು. ಯಾವ ರಾಜನೂ ಅದನ್ನು ಕಲ್ಲಿನಲ್ಲಿ ಕೆತ್ತಿಸಲಿಲ್ಲ. ದೊಡ್ಡ ಕ್ರೂಸ್ ಹಡಗುಗಳು ಬಂದಾಗ ಅವರು ದೋಣಿ ಕಟ್ಟಿಹಾಕಿ ಮುಷ್ಕರ ಹೂಡಿದ್ದಾರೆ. ಹಿಂದಿನ ಘಟ್ಟಗಳಲ್ಲಿ ಹೊಸ ಬಳಕೆ ಹಳೆಯದರ ಪಕ್ಕದಲ್ಲಿ ಜಾಗ ಮಾಡಿಕೊಳ್ಳುತ್ತಿತ್ತು; ರಾಜನ ಮೆಟ್ಟಿಲ ಮೇಲೆ ಅಗಸನೂ ಬಟ್ಟೆ ಹರವುತ್ತಿದ್ದ. ನೋಟಕ್ಕೆಂದು ಸಜ್ಜಾಗುವ ದಡಕ್ಕೆ ಎಮ್ಮೆಯೂ ಒದ್ದೆ ಬಟ್ಟೆಯೂ ಅಡ್ಡಿಯಾಗಿ ಕಾಣತೊಡಗುತ್ತವೆ.

ವರ್ಷಕ್ಕೊಮ್ಮೆ ನದಿ ಎಲ್ಲವನ್ನೂ ಮುಚ್ಚುತ್ತದೆ. 1978ರಲ್ಲಿ ನೀರು 73.9 ಮೀಟರ್ ಮಟ್ಟಕ್ಕೇರಿತ್ತು. ಪ್ರವಾಹದಲ್ಲಿ ಆರತಿ ಮಾಳಿಗೆಗೆ ಏರುತ್ತದೆ, ಚಿತೆ ಓಣಿಗೆ ಸರಿಯುತ್ತದೆ, ದೋಣಿಗಳು ದಡಕ್ಕೆ ಬಿಗಿಯಾಗುತ್ತವೆ. ನೀರಿಳಿದಾಗ ಕರ್ನಾಟಕ ಘಾಟಿನಲ್ಲೂ ಹರಿಶ್ಚಂದ್ರದಲ್ಲೂ ಒಂದೇ ಹೂಳು. ಪಂಪಿನಿಂದ ಗಂಗೆಯ ನೀರನ್ನೇ ಚಿಮ್ಮಿಸಿ ಅದನ್ನು ಗಂಗೆಗೆ ತೊಳೆಯುತ್ತಾರೆ. ಮೆಟ್ಟಿಲು ಕಾಣಿಸುತ್ತಿದ್ದಂತೆ ಮೊದಲು ಇಳಿದುಬರುವವರು ಹುಟ್ಟು ಹಿಡಿದ ಮಲ್ಲಾಹರು.